ತರಗತಿಯಲ್ಲಿ ಭಯಾನಕ: ‘ಸೈಕೋ’ ಚಿತ್ರವನ್ನು ಕುರಿತು

ಮನಸ್ಸನ್ನು ಕದಡುವ ಭಯಾನಕ ಚಲನಚಿತ್ರವನ್ನು ಕಾಲೇಜಿನ ಸಾಹಿತ್ಯ ತರಗತಿಯಲ್ಲಿ ಪಾಠವಾಗಿ ಇಡಬಹುದೇ ಎಂಬ ಪ್ರಶ್ನೆಯ ವಿಚಾರಕ್ಕೆ ಆಲ್ಫ್ರೆಡ್ ಹಿಚ್‌ಕಾಕನ ‘ಸೈಕೋ’ (1960) ತಕ್ಕ ನಿದರ್ಶನ. 1959ರಲ್ಲಿ ಪ್ರಕಟವಾದ ರಾಬರ್ಟ್ ಬ್ಲಾಕನ ಕಾದಂಬರಿ ಅದಕ್ಕೆ ಆಧಾರ. ಆದರೆ ಮೂಲದೊಡನೆ ಹೋಲಿಸಿ ವ್ಯತ್ಯಾಸಗಳನ್ನು ಎಣಿಸಿದ ಮಾತ್ರಕ್ಕೆ ಪಾಠ ಮುಗಿಯದು.

ಚಿತ್ರದ ಖ್ಯಾತಿ ಸ್ನಾನಗೃಹದ ಕೊಲೆಯ ಮೇಲೆ ನಿಂತಿದೆ. ಪಾಠಕ್ಕೆ ಹೆಚ್ಚು ಅರ್ಹವಾದುದು ಅದರ ಮುಂದಿನ ಸನ್ನಿವೇಶ. ಬ್ಯಾಂಕಿಗೆ ಕಟ್ಟಲೆಂದು ಧಣಿಯು ಒಪ್ಪಿಸಿದ್ದ 40,000 ಡಾಲರುಗಳನ್ನು ಅಪಹರಿಸಿ ಬಂದ ಮೇರಿಯನ್ ಹತಳಾಗಿದ್ದಾಳೆ. ಮೋಟೆಲಿನ ನಾರ್ಮನ್ ರಕ್ತವನ್ನು ತೊಳೆದು, ಶವವನ್ನು ಅವಳ ಕಾರಿನಲ್ಲಿಟ್ಟು ಕೆಸರು ಮಡುವಿಗೆ ತಳ್ಳುತ್ತಾನೆ. ಪತ್ರಿಕೆಯಲ್ಲಿ ಸುತ್ತಿದ ಹಣವೂ ಅವನಿಗೆ ಅರಿವಿಲ್ಲದೆ ಅದರೊಳಗಿದೆ. ಕಾರು ಪೂರ್ತಿ ಮುಳುಗದೆ ಒಂದು ಕ್ಷಣ ನಿಲ್ಲುತ್ತದೆ. ಆಗ ‘ಮುಳುಗಲಿ’ ಎಂದು ಪ್ರೇಕ್ಷಕನ ಮನಸ್ಸೂ ಹಾರೈಸುತ್ತದೆ! ಸತ್ತವಳಿಗಾಗಿ ಮರುಗಿದವನು, ಆ ಸಾವನ್ನು ಮರೆಮಾಚುವವನ ಪಕ್ಷವನ್ನು ಸೇರಿದ್ದು ಯಾವಾಗ? ನಮ್ಮ ಆಲಂಕಾರಿಕರು ಹೇಳುವ ಸಾಧಾರಣೀಕರಣವು ಧರ್ಮಾಧರ್ಮಗಳನ್ನು ವಿಚಾರಿಸಿಕೊಂಡು ನಡೆಯುವುದಿಲ್ಲವೆಂಬುದು ಇಲ್ಲಿ ವಿದ್ಯಾರ್ಥಿಗೆ ಸ್ವಾನುಭವದಿಂದಲೇ ವೇದ್ಯವಾಗುತ್ತದೆ. ಬರಿಯ ಉಪನ್ಯಾಸದಿಂದ ಈ ಅರಿವನ್ನು ತಂದುಕೊಡುವುದು ಕಷ್ಟ.

ಆದರೂ ಅಧ್ಯಾಪಕನ ಹೊಣೆ ಲಘುವಾದುದಲ್ಲ. ಪುಸ್ತಕವನ್ನು ಮುಚ್ಚಿಡಬಹುದು, ಕತ್ತಲೆಯ ಕೋಣೆಯಲ್ಲಿ ಸಹಪಾಠಿಗಳ ನಡುವೆ, ಹಾಜರಿಗೆ ಹೆದರಿ ಕುಳಿತವರಿಗೆ ಆ ಸ್ವಾತಂತ್ರ್ಯವೆಲ್ಲಿ? ಹಿಂಸೆಯನ್ನು ಮನೆಯಲ್ಲಿಯೇ ಕಂಡವರೂ ಅವರಲ್ಲಿ ಇದ್ದಾರು. ಅಭಿನವಗುಪ್ತನು ರಸವಿಘ್ನಗಳಲ್ಲಿ ಸ್ವಂತ ಸುಖದುಃಖಗಳಿಗೆ ವಶವಾಗುವುದನ್ನೂ ಎಣಿಸಿದ್ದಾನೆ. ಅಂಥವರ ಭಯವು ಭಯಾನಕರಸವಾಗಿ ಪರಿಣಮಿಸದೆ ಕೇವಲ ನೋವಾಗಿಯೇ ಉಳಿಯುತ್ತದೆ. ಆದಕಾರಣ ಚಿತ್ರದಲ್ಲಿ ಏನಿದೆಯೆಂದು ಮುಂಚಿತವಾಗಿ ತಿಳಿಸಿ, ಒಲ್ಲದವರಿಗೆ ಬೇರೊಂದು ಕೃತಿಯನ್ನು ಕೊಡುವುದು ನ್ಯಾಯ.

ಮುಂಚೆಯೇ ಹೇಳಿದರೆ ರಸಭಂಗವಾಗದೇ ಎಂದು ಕೆಲವರು ಆಕ್ಷೇಪಿಸಬಹುದು. ಹಿಚ್‌ಕಾಕನೇ ಚಿತ್ರ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ವಿಧಿಸಿದ್ದನು; ಮುಕ್ತಾಯವನ್ನು ಬಯಲುಮಾಡಬೇಡಿರೆಂದು ಕೇಳಿಕೊಂಡಿದ್ದನು. ಅದು ಚಿತ್ರಮಂದಿರದ ನೀತಿ, ತರಗತಿಗೆ ಅನ್ವಯಿಸಬೇಕಾಗಿಲ್ಲ. ರನ್ನನ ‘ಗದಾಯುದ್ಧ’ದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನ ಗತಿ ಏನೆಂಬುದು ಓದುಗನಿಗೆ ಮೊದಲೇ ಗೊತ್ತು; ಅವನ ತಪ್ಪುಗಳೂ ಗೊತ್ತು. ಆದರೂ ನಾವು ಅವನೊಡನೆ ಹೆಜ್ಜೆಯಿಡುತ್ತೇವೆ. ಮುನ್ನರಿವಿನಿಂದ ಕೆಡುವುದು ಬೆಚ್ಚಿಬೀಳುವ ಸುಖ ಮಾತ್ರ. ಕಾರು ನಿಂತ ಆ ಕ್ಷಣವು ನಮ್ಮನ್ನು ಕೇಳುವ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ತರಗತಿಗೆ ಬೇಕಾದುದೂ ಅದೇ.