ಡಿಕ್ಕಿ ಕತ್ತರಿಸಿದರು, ಅಗಲ ಬಿಟ್ಟರು

ಕಾರುಗಳು ದೊಡ್ಡವಾದವು ಎಂದು ಗೊಣಗುವವರೂ ಹಿಗ್ಗುವವರೂ ಅಳೆಯುವುದು ಉದ್ದವನ್ನೇ. ಹಳೆಯ ಅಂಬಾಸಿಡರ್ ಸುಮಾರು 4.32 ಮೀಟರ್ ಇತ್ತು, ಈಗಿನ ಕ್ರೆಟಾ 4.33. ಇಷ್ಟು ವರ್ಷಕ್ಕೆ ಬೆರಳಗಲವೂ ಬೆಳೆದಿಲ್ಲ. ಬೆಳೆದದ್ದು ಅಡ್ಡಕ್ಕೆ.

ಇದಕ್ಕೆ ದಾರಿ ಬಿಟ್ಟದ್ದು 2006ರ ಬಜೆಟ್. ಸಣ್ಣ ಎಂಜಿನ್ನಿನ, ನಾಲ್ಕು ಮೀಟರ್ ಮೀರದ ಕಾರಿಗೆ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. 2008ರಲ್ಲಿ 4,160 ಮಿ.ಮೀ. ಇದ್ದ ಡಿಸೈರ್ 2012ರಲ್ಲಿ 3,995ಕ್ಕೆ ಬಂತು. ಡಿಕ್ಕಿಗೆ ಕತ್ತರಿ ಬಿತ್ತು. ವಾಹನ ವಿಮರ್ಶಕರು ಆ ಮೊಂಡು ಹಿಂಬದಿಯನ್ನು ಆಡಿಕೊಂಡದ್ದೇ ಆಡಿಕೊಂಡದ್ದು. ಅಮೃತಮಹಲ್ ಹೋರಿ ನೋಡಿ ಬೆಳೆದ ಅಜ್ಜಂಪುರ ಸೀಮೆಯ ಕಣ್ಣಿಗೆ ಬಾಲ ಮೊಟಕಾದದ್ದು ಚುಚ್ಚುತ್ತದೆ, ನಿಜ. ಆದರೆ ಬಾಲಕ್ಕೆ ಅತ್ತವರು ಪಕ್ಕೆಲುಬು ಹಿಗ್ಗಿದ್ದನ್ನು ನೋಡಲೇ ಇಲ್ಲ. 2017ರ ನೆಕ್ಸಾನ್ ತೆಗೆದುಕೊಳ್ಳಿ: ಉದ್ದ 3,994, ಅಗಲ 1,811. ತೆರಿಗೆಗೆ ಸಣ್ಣ ಕಾರು, ಅಗಲದಲ್ಲಿ ಕ್ರೆಟಾಕ್ಕಿಂತ ದೊಡ್ಡದು! 2025ರ ಜಿಎಸ್‌ಟಿ ಬದಲಾವಣೆಯಲ್ಲೂ ಶೇ. 18 ಮತ್ತು 40ರ ನಡುವಿನ ಗೆರೆ ಎಳೆಯಲು ಉದ್ದವನ್ನೇ ಅಳೆದರು, ಅಗಲ ಕೇಳಲಿಲ್ಲ.

ಅದೇ ಅಜ್ಜಂಪುರ ಸೀಮೆಯ ಶಿವನಿ ಸುತ್ತಿನ ಒಂಟಿ ಪಥದ ರಸ್ತೆಗೆ ಬಂದು ನೋಡಿ. ಇಂಥ ರಸ್ತೆಗೆ ನಿಯಮ ಹೇಳುವ ಡಾಂಬರು 3.75 ಮೀಟರ್. ತಗಡಿನ ಡಬ್ಬಿ ಎಂದು ನಗೆಗೀಡಾದ ಮಾರುತಿ 800ರ ಅಗಲ 1,440 ಮಿ.ಮೀ. ಅಂಥ ಎರಡು ಎದುರುಬದುರಾದರೆ 87 ಸೆಂ.ಮೀ. ಉಳಿಯುತ್ತದೆ. ಎರಡು ನೆಕ್ಸಾನ್ ಎದುರಾದರೆ ಉಳಿಯುವುದು 13, ಅದೂ ಕನ್ನಡಿ ಲೆಕ್ಕಕ್ಕೆ ಹಿಡಿಯದೆ. ಮಾರುತಿಯನ್ನು ಬಡವರ ಕಾರು ಎಂದವರು ಈ 87ರ ಸೌಜನ್ಯವನ್ನು ಯಾವ ಅಂಕಪಟ್ಟಿಯಲ್ಲೂ ಬರೆಯಲಿಲ್ಲ.

ಸುರಕ್ಷತೆ ಎನ್ನುತ್ತೀರಿ. ಒಪ್ಪಿದೆ. 2018ರಲ್ಲಿ ಅಪಘಾತ ಪರೀಕ್ಷೆ ನಡೆಸುವ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ಇದೇ ನೆಕ್ಸಾನ್. ಬಾಗಿಲ ಒಳಗೆ ಉಕ್ಕು ಕೂರಿಸಲು ಜಾಗವೂ ಬೇಕು. ಆದರೆ ಆ ನಕ್ಷತ್ರಗಳು ಒಳಗೆ ಕೂತವರ ಲೆಕ್ಕ. ಶಿವನಿ ರಸ್ತೆಯಲ್ಲಿ ಎರಡು ದೊಡ್ಡ ಕಾರು ಮುಖಾಮುಖಿಯಾಗಿ ನೀನು ಇಳಿ, ನೀನೇ ಇಳಿ ಎಂದು ಹಾರ್ನ್ ಹೊಡೆಯುತ್ತಿರುವಾಗ, ಮೊದಲು ಮಣ್ಣಿಗೆ ಇಳಿಯುವುದು ತೋಟದಿಂದ ಬರುವ ಟಿವಿಎಸ್ ಎಕ್ಸೆಲ್, ಹಿಂದೆ ಕಟ್ಟಿದ ಹುಲ್ಲಿನ ಹೊರೆ ಸಮೇತ.