ತಡೆಯನ್ನು ಕೆಡವದೆ ಬರೆಯುವ ವಿದ್ಯೆ

ಮಂಗಳೂರಿನಿಂದ ಗುರುಪುರ, ಎಡಪದವುಗಳನ್ನು ಹಾದು ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ, ಮಿಜಾರಿನಿಂದ ತೋಡಾರಿನವರೆಗಿನ ಅಲ್ಪ ಅಂತರದೊಳಗೇ ಆಳ್ವಾಸ್, ಮೈಟ್, ಯೆನೆಪೋಯ ಎಂಬ ಮೂರು ತಾಂತ್ರಿಕ ಮಹಾವಿದ್ಯಾಲಯಗಳು ನೆಲೆಗೊಂಡಿರುವುದರಿಂದ, ಅಡಕೆತೋಟ ಗದ್ದೆಗಳ ಈ ಸೀಮೆಯಲ್ಲಿ ಇಂದು ಆಪರೇಟಿಂಗ್ ಸಿಸ್ಟಮ್ ಎಂಬ ವಿಷಯವನ್ನು ಅಭ್ಯಸಿಸುವ ತರುಣ ತರುಣಿಯರ ಸಂಖ್ಯೆ ಸಣ್ಣದಲ್ಲ. ಅವರಲ್ಲಿ ಪಠ್ಯಕ್ರಮದ ಎಲ್ಲೆಯಾಚೆಗೂ ಇಣಿಕಿನೋಡುವ ಕುತೂಹಲವುಳ್ಳವರು, ಓಡುತ್ತಿರುವ ಲಿನಕ್ಸ್ ಕರ್ನೆಲ್ಲಿನೊಳಕ್ಕೆ ತಮ್ಮದೊಂದು ಮಾಡ್ಯೂಲನ್ನು ಸೇರಿಸಿ, ಸಿಸ್ಟಮ್ ಕಾಲ್‌ಗಳ ಪಟ್ಟಿಯಲ್ಲಿನ ಒಂದು ವಿಳಾಸವನ್ನೋ ಯಾವುದಾದರೊಂದು ಫಂಕ್ಷನ್ನಿನ ಮೊದಲ ಕೆಲವು ಬೈಟುಗಳನ್ನೋ ಬದಲಿಸಲು ಹೊರಟರೆ, ಅವರ ದಾರಿಗೆ ಮೊದಲು ಅಡ್ಡಬರುವುದು ಮೆಮೊರಿಯ ಬರಹ-ತಡೆ. ಈ ತಡೆಯನ್ನು ದಾಟಲು ಕೈಯಿಂದ ಕೈಗೆ ಸಾಗಿಬಂದಿರುವ ಒಂದು ಸುಲಭೋಪಾಯವುಂಟು. ಅದಕ್ಕೆ ಪ್ರತಿಯಾಗಿ ನಮ್ಮ ನಾಡಿನ ಬೆಂಗಳೂರಿನಲ್ಲಿಯೇ ಬಹುಮಟ್ಟಿಗೆ ರೂಪುಗೊಂಡ, ಓಡುವ ಕರ್ನೆಲ್ಲನ್ನು ಶೋಧಿಸುವ ಕೆಪ್ರೋಬ್ಸ್ ಎಂಬ ಕೃತಿಯೂ ಉಂಟು. ಇವೆರಡನ್ನೂ ಎದುರುಬದುರಾಗಿಟ್ಟು ಬೆಲೆಕಟ್ಟುವುದು ಈ ಲೇಖನದ ಉದ್ದೇಶ.

ಸುಲಭೋಪಾಯದ ಸ್ವರೂಪವಿಷ್ಟೆ. ಇಂಟೆಲ್ ವಂಶದ ಪ್ರೊಸೆಸರುಗಳಲ್ಲಿ ಸಿಆರ್0 ಎಂಬ ನಿಯಂತ್ರಣ ರಿಜಿಸ್ಟರಿನ 16ನೆಯ ಬಿಟ್ಟು ಬರಹ-ತಡೆಗೆ ಮೀಸಲಾದುದು. 386ರಲ್ಲಿ ಇದು ಇರಲಿಲ್ಲವಾಗಿ, ಪೇಜ್ ಟೇಬಲ್ಲು ‘ಓದಲು ಮಾತ್ರ’ ಎಂದು ಗುರುತಿಸಿದ ಪುಟದ ಮೇಲೂ ಕರ್ನೆಲ್ಲು ನಿರಾತಂಕವಾಗಿ ಬರೆಯಬಹುದಾಗಿದ್ದಿತು. 1989ರಲ್ಲಿ ಬಂದ 486 ಈ ಬಿಟ್ಟನ್ನು ತಂದು, ಒಡೆಯನಾದ ಕರ್ನೆಲ್ಲನ್ನೂ ಅದೇ ಕಟ್ಟಳೆಗೆ ಒಳಪಡಿಸಿತು. ಮಾಡ್ಯೂಲಿನೊಳಗೆ ಆ ಬಿಟ್ಟನ್ನು ಅಳಿಸಿ, ಬೇಕಾದುದನ್ನು ಬರೆದು, ಮತ್ತೆ ಹೊತ್ತಿಸಿದರೆ ಕಾರ್ಯ ಮುಗಿಯಿತೆಂಬುದು ಉಪಾಯಗಾರರ ನಂಬಿಕೆ.

ಈ ನಂಬಿಕೆ ಎಲ್ಲಿ ಕುಸಿಯುತ್ತದೆಂಬುದನ್ನು ನಿಧಾನವಾಗಿ ನೋಡತಕ್ಕುದು. ಸಿಆರ್0 ಒಂದೊಂದು ಪ್ರೊಸೆಸರಿಗೂ ಬೇರೆ ಬೇರೆಯಾಗಿರುವುದರಿಂದ, ಬಿಟ್ಟನ್ನು ಅಳಿಸಿದ ಕ್ಷಣಕ್ಕೂ ಬರೆಯುವ ಕ್ಷಣಕ್ಕೂ ನಡುವೆ ಷೆಡ್ಯೂಲರು ಆ ಕೆಲಸವನ್ನು ಮತ್ತೊಂದು ಪ್ರೊಸೆಸರಿಗೆ ಸಾಗಿಸಿತೆಂದರೆ, ಬರೆಯಲು ಹೋದಲ್ಲಿ ತಡೆ ಹಾಗೆಯೇ ನಿಂತಿರುತ್ತದೆ. ಬಿಟ್ಟುಬಂದಲ್ಲಿಯೋ, ತಡೆಯಿಲ್ಲದ ಪ್ರೊಸೆಸರೊಂದು ಯಾರ ಅರಿವಿಗೂ ಬಾರದೆ ಓಡುತ್ತಲಿರುತ್ತದೆ. ಹತ್ತು ಸಲ ಸರಿಯಾಗಿ ನಡೆದು ಹನ್ನೊಂದನೆಯ ಸಲ ಕೆಡುವ ಈ ಬಗೆಯ ದೋಷವನ್ನು ಹುಡುಕುವುದರಷ್ಟು ಕಷ್ಟದ ಕೆಲಸ ಈ ಕ್ಷೇತ್ರದಲ್ಲಿ ವಿರಳ. ಮೇಲಾಗಿ, 2019ರ 5.3ನೆಯ ಆವೃತ್ತಿಯಿಂದೀಚೆಗೆ ಕರ್ನೆಲ್ಲಿನ ಸ್ವಂತ ಸಿಆರ್0-ಬರಹದ ಫಂಕ್ಷನ್ನು ಈ ಬಿಟ್ಟನ್ನು ಕೀಲಿಸಿಟ್ಟಿರುವುದರಿಂದ, ಅಳಿಸಿದುದು ಅಲ್ಲಿಯೇ ಮರಳಿ ಹೊತ್ತಿಕೊಳ್ಳುತ್ತದೆ. ಹಳೆಯ ಪಾಠವನ್ನು ಅನುಸರಿಸಿದವನು ತನ್ನ ಕೋಡಿನಲ್ಲಿ ತಪ್ಪೇ ಕಾಣದೆ ತೊಳಲುತ್ತಾನೆ. 2024ರ 6.9ನೆಯ ಆವೃತ್ತಿಯಲ್ಲಿಯಂತೂ ಇಂಟೆಲ್ ವಂಶದ ಪ್ರೊಸೆಸರುಗಳ ಕರ್ನೆಲ್ಲು ಸಿಸ್ಟಮ್ ಕಾಲ್‌ಗಳನ್ನು ಆ ಪಟ್ಟಿಯ ಮೂಲಕ ಕರೆಯುವುದನ್ನೇ ಬಿಟ್ಟು, ಸ್ವಿಚ್ ಎಂಬ ನೇರ ಕವಲುಗಳಿಗೆ ಹೊರಳಿಕೊಂಡಿತು. ಈಗ ಪಟ್ಟಿಯ ಮೇಲೆ ಬರೆದದ್ದು ಯಶಸ್ವಿಯಾಗಿಯೇ ಬರೆಯಲ್ಪಡಬಹುದು. ಆದರೆ ಫಲ ಮಾತ್ರ ಶೂನ್ಯ.

ಇಂಥ ತೊಡಕಿನಲ್ಲಿ ಸಿಲುಕಿದವನಿಗೆ ಕರ್ನೆಲ್ಲು ಮುದ್ರಿಸುವ ದೋಷವರದಿಗಿಂತ ದೊಡ್ಡ ಸಾಕ್ಷಿ ಬೇರೊಂದಿಲ್ಲ. ಅದರಲ್ಲಿನ ಪುಟದೋಷದ ಸಂಖ್ಯೆಯನ್ನು ಮೊದಲು ಓದಬೇಕು. ಮೊದಲನೆಯ ಬಿಟ್ಟು ಪುಟವು ಇದ್ದಿತೆಂಬುದನ್ನೂ, ಎರಡನೆಯದು ನಡೆದದ್ದು ಬರಹವೆಂಬುದನ್ನೂ, ಮೂರನೆಯದು ಬರೆದವನು ಬಳಕೆದಾರನ ಮಟ್ಟದವನೆಂಬುದನ್ನೂ ಹೇಳುತ್ತದೆ. ಸಂಖ್ಯೆ 3 ಎಂದಿದ್ದರೆ ಪುಟವಿದ್ದೂ ಕರ್ನೆಲ್ಲಿನ ಬರಹವು ನಿಷೇಧಕ್ಕೆ ತಾಗಿತೆಂದರ್ಥ. 2 ಎಂದಿದ್ದರೆ ಅಲ್ಲಿ ಪುಟವೇ ಇರಲಿಲ್ಲ, ಅಂದರೆ ವಿಳಾಸವೇ ತಪ್ಪು. ಇವೆರಡರ ಚಿಕಿತ್ಸೆಗಳು ಪೂರ್ವ ಪಶ್ಚಿಮದಷ್ಟು ಬೇರೆಯಾದರೂ, ಸಂಖ್ಯೆಯನ್ನು ಓದದೆ ತಡೆಯನ್ನು ಕಿತ್ತುಹಾಕಲು ಧಾವಿಸುವವರೇ ಹೆಚ್ಚು. ಸಿಆರ್2 ರಿಜಿಸ್ಟರು ತಾಗಿದ ವಿಳಾಸವನ್ನು ಹಿಡಿದಿಟ್ಟಿರುತ್ತದೆ. ಅದು ಕರ್ನೆಲ್ಲಿನ ಕೋಡಿನ ಭಾಗವೋ, ಬದಲಾಗದ ದತ್ತಾಂಶದ ಭಾಗವೋ, ಮಾಡ್ಯೂಲುಗಳ ಭಾಗವೋ ಎಂಬುದನ್ನು ನಿಶ್ಚಯಿಸಿಕೊಂಡು, ಅನಂತರ ಆ ಪುಟದ ಪೇಜ್ ಟೇಬಲ್ ನಮೂದನ್ನು ಕಣ್ಣಾರೆ ನೋಡಬೇಕು. ಕರ್ನೆಲ್ಲಿನ ಕೋಡು ಸಾಮಾನ್ಯವಾಗಿ 2 ಎಂಬಿಯ ದೊಡ್ಡ ಪುಟಗಳಲ್ಲಿ ನಕ್ಷೆಗೊಂಡಿರುವುದನ್ನೂ, ಅದೇ ಭೌತಿಕ ಮೆಮೊರಿಯು ಎರಡು ವಿಳಾಸಗಳಲ್ಲಿ ಕಾಣಿಸಿಕೊಳ್ಳುವುದನ್ನೂ, ಒಂದೆಡೆಯ ಅನುಮತಿಯನ್ನು ತಿದ್ದಿದರೂ ಇತರ ಪ್ರೊಸೆಸರುಗಳ ಟಿಎಲ್‌ಬಿಯಲ್ಲಿ ಹಳೆಯ ನಮೂದು ಉಳಿದಿರಬಹುದೆಂಬುದನ್ನೂ ಮರೆತವನಿಗೆ ಈ ಶೋಧನೆ ಕೊನೆಗಾಣದು.

ಇನ್ನು ಕೆಪ್ರೋಬ್ಸ್. ಐಬಿಎಂ ಸಂಸ್ಥೆಯ ಡಿಪ್ರೋಬ್ಸ್ ಎಂಬ ಹಿಂದಿನ ಕೃತಿಯಿಂದ ಕವಲೊಡೆದ ಇದರ ಆಕರಕಡತದ ತಲೆಯಲ್ಲಿ, ವಂಶಿ ಕೃಷ್ಣ ಅವರು 2002ರ ಅಕ್ಟೋಬರಿನಲ್ಲಿ ಮೊದಲ ರೂಪವನ್ನು ರಚಿಸಿದರೆಂದೂ, 2004ರಲ್ಲಿ ಸುಪರ್ಣಾ ಭಟ್ಟಾಚಾರ್ಯ, ಪ್ರಸನ್ನ ಪಂಚಮುಖಿ ಅವರು ಬೆಳೆಸಿದರೆಂದೂ ಇಂದಿಗೂ ಬರೆದಿದೆ. ಬೆಂಗಳೂರಿನ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಅನಂತ ಮಾವಿನಕಾಯನಹಳ್ಳಿ ಅವರು ಬಹುಕಾಲ ಅದನ್ನು ಪೋಷಿಸಿದರು. 2004ರ 2.6.9ನೆಯ ಆವೃತ್ತಿಯಲ್ಲಿ ಇದು ಮುಖ್ಯ ಕರ್ನೆಲ್ಲನ್ನು ಸೇರಿತು. ಇದರ ಕೌಶಲವೆಲ್ಲವೂ ಮಿತತ್ವದಲ್ಲಿದೆ. ಪರೀಕ್ಷಿಸಬೇಕಾದ ಆದೇಶದ ಮೊದಲ ಬೈಟಿನ ಸ್ಥಾನದಲ್ಲಿ ಇಂಟ್3 ಎಂಬ ಒಂದೇ ಬೈಟನ್ನು ಇಟ್ಟು, ಪ್ರೊಸೆಸರು ಅಲ್ಲಿ ತಡೆದು ನಿಂತಾಗ ಶೋಧಕನ ಕೆಲಸವನ್ನು ಮಾಡಿಸಿ, ಮೂಲ ಆದೇಶವನ್ನು ಅದರ ಸ್ಥಳದಲ್ಲಿ ಮರಳಿ ಇಡದೆ, ಬೇರೊಂದೆಡೆ ತೆಗೆದಿಟ್ಟ ಪ್ರತಿಯ ಮೇಲೆ ಒಂದು ಹೆಜ್ಜೆ ನಡೆಸಿ ಮುಂದಕ್ಕೆ ಕಳುಹುವುದು. ಮೂಲವನ್ನು ಒಂದು ಕ್ಷಣಕ್ಕಾದರೂ ಮರಳಿಸಿದ್ದರೆ, ಆ ಕ್ಷಣದಲ್ಲಿ ಇನ್ನೊಂದು ಪ್ರೊಸೆಸರು ತನಿಖೆಗೆ ಸಿಗದೆ ಹಾದುಹೋಗುತ್ತಿದ್ದಿತು. ಬಹು ಪ್ರೊಸೆಸರುಗಳ ಯಂತ್ರವನ್ನು ಹೀಗೆ ಮುಂಗಂಡು ರಚಿಸಿದುದೇ ಈ ಕೃತಿಯ ಪ್ರಥಮ ಗುಣ.

ಆದರೆ ಇದೇ ಕೃತಿ ಬರಹ-ತಡೆಯ ಎದುರು ನಿಂತಾಗ ನಡೆದುದು ಅಷ್ಟು ಪ್ರಶಂಸನೀಯವಲ್ಲ. ಲಿನಕ್ಸ್ ಕರ್ನೆಲ್ಲು 2006ರಲ್ಲಿ ತನ್ನ ಬದಲಾಗದ ದತ್ತಾಂಶಕ್ಕೂ 2007ರಲ್ಲಿ ತನ್ನ ಕೋಡಿಗೂ ತಡೆಯನ್ನು ಕಟ್ಟಿಕೊಂಡಾಗ, ಕೋಡಿನ ಮೇಲೆ ಬೈಟನ್ನಿಡುವುದೇ ಉಸಿರಾದ ಕೆಪ್ರೋಬ್ಸ್ ನಿಂತುಹೋಯಿತು. ಆ ವರ್ಷದ ಜುಲೈಯಲ್ಲಿಯೇ ಆಂಡಿ ಕ್ಲೀನ್ ಅವರು, ಪುಟವನ್ನು ತಾತ್ಕಾಲಿಕವಾಗಿ ಬೇರೊಂದು ವಿಳಾಸದಲ್ಲಿ ನಕ್ಷೆಗೊಳಿಸಿ ಅಲ್ಲಿಂದ ಬರೆಯುವ ಮಾರ್ಗವನ್ನು ತಂದರಾದರೂ, ದಿನಗಳು ಕಳೆಯುವುದರೊಳಗೆ ಲೈನಸ್ ಟೋರ್ವಾಲ್ಡ್ಸ್ ಅದರ ಬಹುಭಾಗವನ್ನು ಹಿಂತೆಗೆದುಕೊಂಡರು. ಪರಿಣಾಮವಾಗಿ ಕೆಪ್ರೋಬ್ಸ್ ಸೇರಿಸಿ ಕಟ್ಟಿದ ಕರ್ನೆಲ್ಲುಗಳಲ್ಲಿ ಕೋಡಿನ ತಡೆಯನ್ನೇ ಕೈಬಿಡಲಾಯಿತು. ಶೋಧನೆಯನ್ನು ಎಂದೂ ಬಳಸದವನ ಯಂತ್ರವೂ ಶೋಧಕನ ಅನುಕೂಲಕ್ಕಾಗಿ ಬಯಲಾಗಿ ನಿಂತಿತೆಂಬುದು ನನಗೆ ಒಪ್ಪಿತವಾಗದ ವಿನಿಮಯ. ಕೆಟ್ಟ ಪರಿಹಾರಕ್ಕಿಂತ ಹಿಂದಿನ ಸ್ಥಿತಿಯೇ ಮೇಲೆಂಬ ಆ ತೀರ್ಮಾನದ ವಿವೇಕವನ್ನು ಒಪ್ಪಿಕೊಂಡರೂ, ಸಿಆರ್0ರ ಬಿಟ್ಟನ್ನು ಅಳಿಸುವ ವಿದ್ಯಾರ್ಥಿ ಮಾಡುವುದಕ್ಕೂ ಇದಕ್ಕೂ ಅಂತರವು ಅವಧಿಯಲ್ಲಿ ಮಾತ್ರ ಇದ್ದಿತೆಂದು ಹೇಳದೆ ಇರಲಾರೆ.

2008ರ 2.6.26ನೆಯ ಆವೃತ್ತಿಯಲ್ಲಿ ಮ್ಯಾಥ್ಯೂ ದೆನೊಯೆ ಅವರು ಅದೇ ಮಾರ್ಗವನ್ನು ದೃಢಗೊಳಿಸಿ ಮರಳಿ ತಂದರು. ಕೋಡಿನ ಪುಟ ಓದಲು ಮಾತ್ರವಾಗಿಯೇ ಉಳಿಯುತ್ತದೆ; ಬರೆಯತಕ್ಕವನು ಅದೇ ಭೌತಿಕ ಪುಟಕ್ಕೆ ಮತ್ತೊಂದು ತಾತ್ಕಾಲಿಕ ವಿಳಾಸವನ್ನು ಪಡೆದು, ಬರೆದು, ಆ ವಿಳಾಸವನ್ನು ಅಳಿಸಿಬಿಡುತ್ತಾನೆ. ಟೆಕ್ಸ್ಟ್ ಪೋಕ್ ಎಂಬ ಈ ಫಂಕ್ಷನ್ನಿನಲ್ಲಿ ತಡೆಯೂ ಉಳಿಯಿತು, ತಿದ್ದುಪಡಿಯೂ ನಡೆಯಿತು. ಆ ತಾತ್ಕಾಲಿಕ ವಿಳಾಸವು ಇತರ ಪ್ರೊಸೆಸರುಗಳಿಗೂ ಕಾಣುತ್ತಿದ್ದ ಕೊರತೆಯನ್ನು 2019ರಲ್ಲಿ ನಡಾವ್ ಅಮಿತ್ ಅವರು, ಬರೆಯುವ ಪ್ರೊಸೆಸರಿಗೆ ಮಾತ್ರ ಗೋಚರವಾಗುವ ಪ್ರತ್ಯೇಕ ವಿಳಾಸಾವಕಾಶವೊಂದನ್ನು ಕಲ್ಪಿಸಿ ನೀಗಿದರು.

ಅನುಮತಿ ದೊರೆತ ಮಾತ್ರಕ್ಕೆ ಬರಹವು ಸಾಧುವಾಗದೆಂಬುದಕ್ಕೆ 2008ರದೇ ಇನ್ನೊಂದು ಪ್ರಸಂಗವಿದೆ. 2.6.27ರ ಸಿದ್ಧತೆಯ ಕಾಲದಲ್ಲಿ ಇಂಟೆಲ್‌ನ ಇ1000ಇ ಜಾಲಕಾರ್ಡುಗಳ ಶಾಶ್ವತ ಸ್ಮೃತಿಯೇ ಕೆಟ್ಟು, ಯಂತ್ರಾಂಶವು ನಿರುಪಯುಕ್ತವಾಗುತ್ತಿದ್ದಿತು. ಮೊದಲು ಸಂಶಯಕ್ಕೊಳಗಾದುದು ಕಾರ್ಡಿನ ಡ್ರೈವರು. ಕೊನೆಗೆ ಸಿಕ್ಕಿಬಿದ್ದುದು ಎಫ್‌ಟ್ರೇಸ್ ಎಂಬ ಕೋಡು-ತಿದ್ದುವ ವ್ಯವಸ್ಥೆ. ಆರಂಭದಲ್ಲಿ ಕೋಡು ಇದ್ದು ಆಮೇಲೆ ಬಿಡುಗಡೆಯಾದ ಸ್ಥಳಗಳ ವಿಳಾಸವನ್ನು ಅದು ನೆನಪಿನಲ್ಲಿಟ್ಟುಕೊಂಡಿದ್ದಿತು. ಅಷ್ಟರಲ್ಲಿ ಆ ವಿಳಾಸಕ್ಕೆ ಕಾರ್ಡಿನ ಸ್ಮೃತಿಯು ಬಂದು ನೆಲಸಿದ್ದುದರಿಂದ, ಕೋಡೆಂದು ತಿದ್ದಲು ಹೋದದ್ದು ಕಾರ್ಡಿನ ಮೇಲೆ ಆಘಾತವಾಯಿತು. ಅಂದಿನಿಂದ, ಬರೆಯುವ ಮುನ್ನ ಅಲ್ಲಿರುವ ಬೈಟುಗಳನ್ನು ಜೋಪಾನವಾಗಿ ಓದಿ, ನಿರೀಕ್ಷಿಸಿದವೇ ಹೌದೆಂದು ತಾಳೆನೋಡುವುದು ಇಂಥ ಕಾರ್ಯದ ಅಂಗವೆನಿಸಿತು. ಮೂಡುಬಿದಿರೆಯ ಜೈನ ಸಿದ್ಧಾಂತಗ್ರಂಥಗಳ ಕಥೆ ಇಲ್ಲಿ ನೆನಪಾಗುತ್ತದೆ: ಅವುಗಳಲ್ಲೊಂದಾದ ಧವಲದ ಮೊದಲ ಸಂಪುಟ 1939ರಲ್ಲಿ ಅಚ್ಚಾದುದು ಪ್ರತಿಯ ಪ್ರತಿಗಳಿಂದ; ಅನಂತರ ಇಲ್ಲಿಯ ಬಸದಿಯ ತಾಳೆಗರಿಗಳೊಡನೆ ಪಾಠವನ್ನು ಹೋಲಿಸಿನೋಡಿದ ಮೇಲೆಯೇ ಸಂಪಾದಕರ ತಿದ್ದುಪಡಿಗಳಿಗೆ ಪ್ರಾಮಾಣ್ಯವೊದಗಿತು.

ಕೆಪ್ರೋಬ್ಸ್‌ನಲ್ಲಿ ದೋಷಗಳೇ ಇರಲಿಲ್ಲವೆನ್ನುವಂತಿಲ್ಲ. ಮೂಲ ಆದೇಶದ ಪ್ರತಿಗಳನ್ನಿಡುವ ಪುಟಗಳು ಬರೆಯಲೂ ಬರುವಂತೆ, ಓಡಿಸಲೂ ಬರುವಂತೆ 2017ರವರೆಗೂ ಉಳಿದಿದ್ದವು. ತಡೆಯ ವಿಚಾರದಲ್ಲಿ ಇಷ್ಟು ಪೆಟ್ಟುತಿಂದ ಕೃತಿಯೊಳಗೇ ಈ ಬಿರುಕು ಅಷ್ಟು ಕಾಲ ಇದ್ದುದು ವಿಷಾದಕರ. ಜೆಪ್ರೋಬ್ಸ್ ಎಂಬ ಅದರ ಉಪಾಂಗವು 2018ರಲ್ಲಿ ತೆಗೆದುಹಾಕಲ್ಪಟ್ಟುದು ಯುಕ್ತವೇ ಆಯಿತು. ಇಷ್ಟಾದರೂ, ಎಲ್ಲಿ ಬರೆಯಬಾರದೆಂಬುದರ ಪಟ್ಟಿಯನ್ನು ತಾನೇ ಇಟ್ಟುಕೊಂಡು, ತನ್ನನ್ನು ತಾನು ಶೋಧಿಸಹೋಗಿ ಸುಳಿಯಲ್ಲಿ ಬೀಳದಂತೆ ಕಾಯ್ದುಕೊಂಡು, ಇಟ್ಟ ಬೈಟನ್ನು ಕೆಲಸ ಮುಗಿದೊಡನೆ ಹಿಂತೆಗೆಯುವ ಈ ಕೃತಿಯನ್ನು, ಓಡುವ ಕರ್ನೆಲ್ಲನ್ನು ಮುಟ್ಟುವ ಎಲ್ಲ ಕ್ರಮಗಳಲ್ಲಿ ಅತ್ಯಂತ ಶಿಸ್ತಿನದೆಂದು ನಾನು ಗಣಿಸುತ್ತೇನೆ. 2015ರ 4.0ನೆಯ ಆವೃತ್ತಿಯಲ್ಲಿ ಬಂದ ಲೈವ್‌ಪ್ಯಾಚ್, ಯಂತ್ರವನ್ನು ನಿಲ್ಲಿಸದೆಯೇ ದೋಷವುಳ್ಳ ಫಂಕ್ಷನ್ನನ್ನು ಹೊಸದಕ್ಕೆ ತಿರುಗಿಸುವಾಗಲೂ, ಆ ತಿರುವನ್ನು ಎಫ್‌ಟ್ರೇಸ್‌ನ ಮೂಲಕ ಪಡೆದು, ಬರಹವನ್ನು ಕರ್ನೆಲ್ಲಿನ ಅಧಿಕೃತ ದಾರಿಗೇ ಒಪ್ಪಿಸುತ್ತದೆ.

ಆದುದರಿಂದ ತೋಡಾರಿನ, ಮಿಜಾರಿನ ವಿದ್ಯಾರ್ಥಿಗಳಲ್ಲಿ ನನ್ನ ವಿಜ್ಞಾಪನೆಯಿದು. ನಿಮ್ಮ ಬರಹವನ್ನು ಕರ್ನೆಲ್ಲು ತಡೆದಾಗ ದೋಷಸಂಖ್ಯೆಯನ್ನು ಓದಿರಿ, ವಿಳಾಸವನ್ನು ಪರೀಕ್ಷಿಸಿರಿ, ಸಿಆರ್0ಕ್ಕೆ ಕೈಹಾಕಬೇಡಿರಿ; ಪ್ರಯೋಗವನ್ನು ವರ್ಚುವಲ್ ಯಂತ್ರದೊಳಗೆ ನಡೆಸಿರಿ. ಕೆಪ್ರೋಬ್ಸ್‌ನ ಆಕರವು ಲಿನಕ್ಸ್ ಕರ್ನೆಲ್ಲಿನ ಜೊತೆಯಲ್ಲಿಯೇ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಅದನ್ನೂ ಟೆಕ್ಸ್ಟ್ ಪೋಕನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಒಮ್ಮೆ ಆಮೂಲಾಗ್ರವಾಗಿ ಓದಿರಿ.