ಹಲ್ಲಿನ ಬೆಳ್ಳಿ, ಕಿಡ್ನಿಯ ಲೆಕ್ಕ

ಬಸವಕಲ್ಯಾಣದಿಂದ ಅವ್ವನ ಫೋನು. "ಹಲ್ಲಾಗಿನ ಬೆಳ್ಳಿ ಎಲ್ಲಾ ತಗಸ್ಬೇಕಂತ ಮಾಡೀನಿ. ಅದರಾಗ ಪಾದರಸ ಇರ್ತದಂತ, ಕಿಡ್ನಿ ಹಾಳ್ ಮಾಡ್ತದಂತ." ಹೇಳಿದ್ದು ಹುಮನಾಬಾದಿನ ಅತ್ತಿ. ಅವ್ವನಿಗೆ ಹನ್ನೆರಡು ವರ್ಷದಿಂದ ಶುಗರ್, ಈಗ ಕ್ರಿಯಾಟಿನಿನ್ನೂ ಗಡಿ ದಾಟಿದೆ. ನಕ್ಕು ಸುಮ್ಮನಾಗೋ ಹಾಗಿರಲಿಲ್ಲ.

ಅತ್ತಿಯ ಮಾತು ಅರ್ಧ ಸರಿ. ನಾವು 'ಬೆಳ್ಳಿ' ಅನ್ನೋ ಅಮಾಲ್ಗಮ್‌ನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಅರ್ಧ ಪಾದರಸವೇ. ಅಗಿಯುವಾಗ ಅತಿ ಕಡಿಮೆ ಆವಿ ಹೊರಡುತ್ತೆ, ರಕ್ತ ಸೇರುತ್ತೆ, ಕಿಡ್ನಿಗೂ ಹೋಗುತ್ತೆ. ಹಾಗಾಗಿ "ಏನೂ ಆಗಲ್ಲ ಬಿಡಿ" ಅನ್ನೋ ಡಾಕ್ಟರ ಉತ್ತರವೂ ಅರ್ಧವೇ. ಹೆದರಿಸೋರೂ ಸಮಾಧಾನ ಹೇಳೋರೂ ಬಿಟ್ಟುಬಿಡೋ ಪ್ರಶ್ನೆ ಒಂದೇ: ಎಷ್ಟು, ಯಾರಿಗೆ?

ಅಮೆರಿಕದ ನ್ಯೂ ಇಂಗ್ಲೆಂಡ್‌ನ 534 ಮಕ್ಕಳು, ಲಿಸ್ಬನ್‌ನ 507 ಮಕ್ಕಳನ್ನ ವರ್ಷಗಟ್ಟಲೆ ಗಮನಿಸಿದ ಎರಡು ಅಧ್ಯಯನ 2006ರಲ್ಲಿ ಪ್ರಕಟವಾದವು. ಅಮಾಲ್ಗಮ್ ಹಾಕಿಸಿಕೊಂಡವರ ಮೂತ್ರದಲ್ಲಿ ಪಾದರಸ ಹೆಚ್ಚಿತ್ತು. ಕಿಡ್ನಿ ಕೆಟ್ಟಿದ್ದು ಮಾತ್ರ ಕಾಣಲಿಲ್ಲ. ನ್ಯೂ ಇಂಗ್ಲೆಂಡಿನಲ್ಲಿ ಅಲ್ಬುಮಿನ್ ಸೋರುವ ಮಕ್ಕಳು ಅಮಾಲ್ಗಮ್ ಗುಂಪಿನಲ್ಲಿ ಹೆಚ್ಚು ಸಿಕ್ಕಿದ್ದರು. ಅದು ಆಕಸ್ಮಿಕವೂ ಇರಬಹುದು ಅಂದರು ಸಂಶೋಧಕರು. ಇಷ್ಟಕ್ಕೂ ಅವರು ಮಕ್ಕಳು, ಅವ್ವನ ಹಾಗೆ ಕಿಡ್ನಿ ದಣಿದವರಲ್ಲ. ಕಿಡ್ನಿ ತೊಂದರೆ ಇದ್ದವರಿಗೆ ಹೊಸದಾಗಿ ಅಮಾಲ್ಗಮ್ ಆದಷ್ಟು ಬೇಡ ಅಂತ 2020ರಲ್ಲಿ ಅಮೆರಿಕದ ಎಫ್‌ಡಿಎ ಹೇಳಿದೆ. ಜೊತೆಗೇ, ಗಟ್ಟಿ ಇರೋ ಹಳೇದನ್ನ ಸುಮ್ಮನೆ ಕೀಳಿಸಬೇಡಿ ಅಂತಲೂ ಹೇಳಿದೆ. ಕೊರೆದು ತೆಗೆಯುವಾಗ ಆವಿ ಇನ್ನೂ ಜಾಸ್ತಿ ಏಳುತ್ತೆ.

ಪಾದರಸದಿಂದ ಕಿಡ್ನಿ ನಿಜಕ್ಕೂ ಕೆಟ್ಟ ಉದಾಹರಣೆ ಬೇಕಾದರೆ ಬಾಯಿ ಬಿಟ್ಟು ಮುಖ ನೋಡಬೇಕು. ಕೇರಳದ ಕೊಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಮೆಂಬ್ರೇನಸ್ ನೆಫ್ರೋಪತಿಯ 22 ರೋಗಿಗಳನ್ನ ಕಂಡರು. ಅವರಲ್ಲಿ 15 ಮಂದಿಗೆ ಅಪರೂಪದ ಒಂದೇ ಬಗೆ. ಆ 15ರಲ್ಲಿ 13 ಮಂದಿ ಬೆಳ್ಳಗಾಗೋ ಕ್ರೀಮು ಹಚ್ಚುತ್ತಿದ್ದರು. ಕ್ರೀಮಿನಲ್ಲಿ ಪಾದರಸ. ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಆ ಡಬ್ಬಿಗೆ ನಾವ್ಯಾರೂ ಹೆದರಲ್ಲ, ಗಿಫ್ಟು ಕೊಡ್ತೀವಿ.

ಅವ್ವನಿಗೆ ಹೇಳಿದೆ: "ಹಲ್ಲು ಇರ್ಲಿ. ಮತ್ತ ತುಂಬಸೂದಿದ್ರ ಬಿಳೀದು ಹಾಕಸು. ಮೊಣಕಾಲ್ ನೋವಿಗಿ ಅಂಗಡ್ಯಾಗ ಕೇಳಿ ತರ್ತಿಯಲ್ಲ, ಆ ಗುಳಿಗಿ ಹೆಸರು ಓದು."

ಓದಿದಳು. ಶುಗರ್ ಇದ್ದ ಕಿಡ್ನಿಗೆ ದಿನಾ ಕೊಡಲೇಬಾರದ ನೋವಿನ ಗುಳಿಗೆ.

"ಇದರಾಗ ಪಾದರಸ ಎಲ್ಲದ ಬಿಡೋ," ಅಂದಳು ಅವ್ವ.